ಮುರಿಯದ ಬೆಂಕಿಕಡ್ಡಿ

ಕುದುರೆ ಓಟದ ದಿನವಲ್ಲದಿದ್ದರೆ ಅಂದು ಮಧ್ಯಾಹ್ನ ರೇಡಿಯೋ ಹಾಕಿರುತ್ತಿದ್ದೆವು. ಹಾಕಿದ್ದರೆ, ದಕ್ಷಿಣದಿಂದ ಚಳಿಗಾಳಿ ಮಳೆ ಬರುತ್ತಿದೆ, ಉಣ್ಣೆ ತೆಗೆದ ಕುರಿಗಳನ್ನು ಮರೆಗೆ ಸೇರಿಸಿ ಎನ್ನುವ ಎಚ್ಚರಿಕೆ ಕಿವಿಗೆ ಬೀಳುತ್ತಿತ್ತು. ಬೇಸಿಗೆ ಹೊಸ್ತಿಲಿಗೆ ಬಂದಿದ್ದರೂ ಮೊನಾರೊ ಬಯಲಿನಲ್ಲಿ ಅಂಥ ಗಾಳಿ ಹೊಸದೇನಲ್ಲ. ಕುರಿ ಸಾಕುವವರ ಮನೆಗಳಲ್ಲಿ ಮಧ್ಯಾಹ್ನದ ಸುದ್ದಿಯನ್ನು ಅದಕ್ಕೆಂದೇ ಕೇಳುತ್ತಿದ್ದರು. ಆದರೆ ಅಂದು ನವೆಂಬರಿನ ಮೊದಲ ಮಂಗಳವಾರ, ಮೆಲ್ಬರ್ನಿನ ದೊಡ್ಡ ಓಟ. ಕುರಿಗಳ ಒಡತಿ ಹೆಸ್ಟರ್ ಕ್ವಿಲ್ಟಿ ಮನೆಯಲ್ಲಿದ್ದ ಒಂದೇ ರೇಡಿಯೋವನ್ನು ನಮಗಾಗಿ ಉಣ್ಣೆ ಕತ್ತರಿಸುವ ಷೆಡ್ಡಿಗೆ ತಂದಿಟ್ಟಿದ್ದಳು. ಅದರ ಬ್ಯಾಟರಿ ಸೊರಗಿತ್ತು. ಉಳಿದಿದ್ದ ಜೀವವನ್ನು ಓಟಕ್ಕೆ ಕಾಪಾಡಬೇಕೆಂದು ಬೆಳಗಿನಿಂದ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸಿದ್ದೆವು.

ನಾನು ಕತ್ತರಿ ಹಿಡಿಯುವವನಲ್ಲ. ಕತ್ತರಿಯವರು ತೆಗೆದ ಉಣ್ಣೆಯನ್ನು ಪೆಟ್ಟಿಗೆಗೆ ತುಂಬಿ, ಒತ್ತಿ, ಮೂಟೆ ಹೊಲಿಯುವವನು. ಷೆಡ್ಡಿನಿಂದ ಷೆಡ್ಡಿಗೆ ಅವರ ಜೊತೆ ಅಲೆಯುತ್ತ ಅರ್ಧ ಆಯುಷ್ಯ ಕಳೆದೆ. ಆ ವರ್ಷ ನಮ್ಮ ತಂಡದಲ್ಲಿ ಕತ್ತರಿಯವರು ಐದು ಮಂದಿ. ಅವರಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಆರ್ಚಿ ಟ್ವೀಡಿಯದು. ಆ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕೆಂಪುಗೂದಲಿನವನಿಗೆ ನೀಲಿ ಅಂತಲೂ ಬಾಗಿಲಲ್ಲಿ ಹಿಡಿಸದವನಿಗೆ ಪುಟಾಣಿ ಅಂತಲೂ ಉಲ್ಟಾ ಹೆಸರಿಡುವುದು ನಮ್ಮವರ ಚಾಳಿ. ಟ್ವೀಡಿ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ, ಹಾಗಾಗಿ ಪುಟಾಣಿಯಾದ. ಜುಲೈ ತಿಂಗಳ ನಡುಚಳಿಗಾಲದ ಮಂಜಿನಲ್ಲೂ ತೋಳಿಲ್ಲದ ಬನಿಯನ್ನಿನಲ್ಲಿ ತಿರುಗುವನು. ಚಳಿಗೆ ಷೆಡ್ಡಿನ ನಾಯಿಗಳು ಒಲೆ ಬಿಟ್ಟು ಅವನ ಕಾಲಬುಡದಲ್ಲಿ ಮಲಗುತ್ತಿದ್ದವು.

ಆ ಪುಟಾಣಿಗೆ ಹೆಸ್ಟರ್ ಮೇಲೆ ಮನಸ್ಸಿತ್ತು. ಹೆಸ್ಟರ್ ವಿಧವೆ. ಗಂಡ ಬಿಟ್ಟುಹೋದ ಕುರಿಗಳನ್ನೂ ಬೇಲಿಗಳನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಗುಬ್ಬಿಯಂಥ ಆಳು, ಕೈ ಸದಾ ತಣ್ಣಗೆ. ಗಂಡನ ಹಳೆಯ ಕೋಟಿನ ತೋಳು ಮಡಿಸಿಕೊಂಡು ಓಡಾಡುವಳು. ಉಳಿದ ಕತ್ತರಿಯವರು ಅವಳನ್ನು ಅಮ್ಮಾವ್ರೇ ಎನ್ನುತ್ತಿದ್ದರು. ಪುಟಾಣಿ ಮಾತ್ರ ಮಿಸೆಸ್ ಕ್ವಿಲ್ಟಿ ಎನ್ನುವನು, ಅದನ್ನೂ ಟೋಪಿ ತೆಗೆದು.

ಸೋಮವಾರ ಸಂಜೆ ನಾನು ಮೂಟೆ ಹೊಲಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತ.

"ವಿಲ್ಫ್, ನಾಳೆ ಕಡೇ ದಿನ."

"ಗೊತ್ತು. ನಾಡಿದ್ದು ಬೆಳಿಗ್ಗೆ ಬೇರೆ ಷೆಡ್ಡು."

"ಈ ಸಲ ಕೇಳೇಬಿಡ್ತೀನಿ."

"ಹೋದ್ ವರ್ಷಾನೂ ಹಿಂಗೇ ಅಂದಿದ್ದೆ. ಕುರಿಗಾದ್ರೂ ನಿನಗಿಂತ ಧೈರ್ಯ ಇದೆ ಕಣೋ, ಬಾಗಿಲು ತೆಗೆದ್ರೆ ನುಗ್ಗುತ್ತೆ."

"ಇಲ್ಲ, ನಾಳೆ ಕೇಳ್ತೀನಿ. ಇಲ್ಲೇ ಇದ್ದುಬಿಡ್ಲಾ ಅಂತ. ಬೇಲಿ ಕಟ್ಟೋಕೆ, ನೀರೆತ್ತೋ ಗಾಳಿಯಂತ್ರ ನೋಡ್ಕೊಳ್ಳೋಕೆ ಒಂದಾಳು ಬೇಕಲ್ಲ ಅವರಿಗೂ."

"ಬೇಲಿ ಕಟ್ಟೋ ಕೆಲಸ ಕೇಳೋಕೆ ಯಾರಾದ್ರೂ ಇಷ್ಟು ಬೆವರ್ತಾರೇನೋ?"

ಅವನು ನಕ್ಕು ಎದ್ದುಹೋದ. ಹೋಗುವಾಗ ಬಾಗಿಲ ಚೌಕಟ್ಟಿಗೆ ತಲೆ ತಗುಲಿಸಿಕೊಂಡ. ಅವನ ಮನಸ್ಸು ಎಲ್ಲಿತ್ತೋ.

ಹೆಸ್ಟರಳ ಕುರಿಗಳ ಬಗ್ಗೆಯೂ ಹೇಳಬೇಕು. ಗಂಡ ಹೋದ ಮೇಲೆ ಅವಳು ಉಣ್ಣೆಯ ನಯಕ್ಕೆ ಜೀವ ಇಟ್ಟಳು. ನಯವಾದ ಉಣ್ಣೆಯ ಟಗರನ್ನೇ ಆರಿಸಿ ಬಿಡುವಳು. ನಯವಾದ ಹೆಣ್ಣುಮರಿಯನ್ನೇ ಉಳಿಸಿಕೊಳ್ಳುವಳು. ಹೀಗೆ ವರ್ಷ ವರ್ಷ ಆರಿಸುತ್ತ ಹೋದಂತೆ ಉಣ್ಣೆಯ ಎಳೆ ಜೇಡನ ಬಲೆಯಂತಾಯಿತು, ಜೊತೆಗೆ ಕುರಿಯ ಮೈಯೂ ಚಿಕ್ಕದಾಗುತ್ತ ಬಂತು. ಸಣ್ಣ ಮೂಳೆ, ತೆಳು ಚರ್ಮ. ಅದರ ಉಣ್ಣೆ ಒತ್ತುವಾಗ ನನ್ನ ಒರಟು ಕೈಗೆ ನಾಚಿಕೆಯಾಗುತ್ತಿತ್ತು. ಆ ವರ್ಷ ಹಾಲು ಬಿಟ್ಟಿದ್ದ ಹೆಣ್ಣುಮರಿಗಳ ಮಂದೆ ಅವಳ ಅಷ್ಟು ವರ್ಷದ ಆಯ್ಕೆಯ ಫಲ. "ಇನ್ನು ಮೇಲೆ ಇವೇ ನನ್ನ ತಾಯಿಕುರಿಗಳು. ಹಳೇ ತಾಯಿಕುರಿಗಳನ್ನ ಮಾರಿಯಾಯ್ತು, ಹಳೇ ತಳಿಯ ದೊಡ್ಡ ಟಗರುಗಳನ್ನೂ ಮಾರಿ ಇವನ್ನೇ ಇಟ್ಕೋತೀನಿ" ಎನ್ನುತ್ತಿದ್ದಳು. ಆ ಮಂದೆಯ ಮೇಲೇ ಅವಳ ಮುಂದಿನ ಬಾಳೆಲ್ಲ ನಿಂತಿತ್ತು.

ತಂಡದಲ್ಲಿ ಬಾಯಿ ಜೋರಿನವನು ಕ್ಲೆಮ್ ರಾವರ್ಟಿ. ಅವನು ಆ ಮರಿಗಳನ್ನು ನೋಡಿದಾಗಲೆಲ್ಲ ಸುಮ್ಮನಿರುತ್ತಿರಲಿಲ್ಲ.

"ಅಮ್ಮಾವ್ರೇ, ಇವು ಕುರಿನಾ ಮೊಲಾನಾ?"

"ಮೊಲದ ಉಣ್ಣೆ ತೆಗೆಯೋಕೆ ನಿನಗೆ ಬರುತ್ತೇನಪ್ಪಾ, ಅದು ಹೇಳು ಮೊದ್ಲು."

"ಬರುತ್ತೆ. ಆದ್ರೆ ಹಿಡಿಯೋಕೆ ಭೂತಗನ್ನಡಿ ಕೊಡ್ಬೇಕು ನೀವು."

ದೊಡ್ಡ ಟಗರುಗಳ ಸರದಿ ಸೋಮವಾರ ಶುರುವಾಗಿ ಮಂಗಳವಾರ ಬೆಳಿಗ್ಗೆ ಮುಗಿಯಿತು. ಕಂಬಗಳ ಮೇಲೆ ನಿಂತ ಷೆಡ್ಡಿನ ಅಡಿಯ ಜಾಗವೆಲ್ಲ ಅವುಗಳಿಗೆ ಹೋಗಿದ್ದರಿಂದ ಹೆಣ್ಣುಮರಿಗಳನ್ನು ಸೋಮವಾರ ಸಂಜೆಯೇ ತೆರೆದ ದೊಡ್ಡಿಯಲ್ಲಿ ಕೂಡಿದ್ದರು. ಕತ್ತರಿಗೆ ಬರುವ ಕುರಿಯ ಹೊಟ್ಟೆ ಖಾಲಿ ಇರಬೇಕು, ಹಾಗಾಗಿ ಹುಲ್ಲಿಲ್ಲ. ಬೆಳಗಿನ ಜಾವ ಮಂಜು ಇಳಿದು ಅವುಗಳ ಮೈ ತೇವವಾಯಿತು. ಬಿಸಿಲು ಬಂದರೂ ಒಳ ಉಣ್ಣೆ ಹಸಿಯಾಗಿಯೇ ಇತ್ತು.

ಒದ್ದೆ ಕುರಿಗೆ ಕತ್ತರಿ ಹಾಕುವುದಿಲ್ಲ ಎನ್ನುವುದು ಕತ್ತರಿಯವರ ಹಕ್ಕು. ಹಿಂದಿನವರು ಜಗಳವಾಡಿ ಪಡೆದದ್ದು. ಒದ್ದೆ ಉಣ್ಣೆ ತಬ್ಬಿ ದಿನವಿಡೀ ಬಗ್ಗಿದರೆ ಮೈಯೆಲ್ಲ ಕುರು ಏಳುತ್ತದೆ, ಕೀಲು ಹಿಡಿಯುತ್ತದೆ. ಅನುಮಾನ ಬಂದರೆ ಎರಡೆರಡು ಕುರಿ ಕತ್ತರಿಸಿ ನೋಡಿ ಆಮೇಲೆ ಮತ ಹಾಕುವರು. ಒಡೆಯನಾಗಲಿ ಒಡತಿಯಾಗಲಿ ಆ ಹೊತ್ತಿನಲ್ಲಿ ಷೆಡ್ಡಿನೊಳಗೆ ಇರಕೂಡದು.

ಮಧ್ಯಾಹ್ನ ಹೆಸ್ಟರ್ ಒಣದ್ರಾಕ್ಷಿ ಹಾಕಿದ ಬಿಸಿ ಬನ್ನು ತಂದಳು. ರೇಡಿಯೋ ಕಡೆ ಕೈ ಚಾಚಿದಳು.

"ಸುದ್ದಿ ಒಂಚೂರು ಕೇಳೋಣ್ವಾ?"

ಕ್ಲೆಮ್ ಬನ್ನು ಬಾಯಲ್ಲಿಟ್ಟುಕೊಂಡೇ ಅಡ್ಡ ನಿಂತ. "ಅಮ್ಮಾವ್ರೇ, ಮುಟ್ಟಬೇಡಿ! ಕಡೇ ತಿರುವಲ್ಲಿ ಕುದುರೆ ಬರೋವಾಗ ಈ ಪೆಟ್ಟಿಗೆ ಸತ್ರೆ ಷೆಡ್ಡಿಗೇ ಬೆಂಕಿ ಇಡ್ತಾರೆ ಇವರು."

"ಹವಾ ಏನು ಅಂತ..."

"ಹವಾ ಬೇಕಾದ್ರೆ ತಲೆ ಎತ್ತಿ ನೋಡಿ. ಒಂದು ಮೋಡ ತೋರಿಸಿ, ನನ್ನ ಬನ್ನು ಕೊಟ್ಬಿಡ್ತೀನಿ."

ಎಲ್ಲರೂ ನಕ್ಕರು, ಹೆಸ್ಟರೂ ನಕ್ಕಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಅವಳು ಕೈ ಹಿಂದೆಗೆದಳು. ಆ ಕೈ ಹಿಂದೆ ಸರಿದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಊಟದ ಬಿಡುವಿನಲ್ಲಿ ಪುಟಾಣಿ ನೀರಿನ ತೊಟ್ಟಿಯ ಬಳಿ ಮುಖ ತೊಳೆಯುತ್ತಿದ್ದ. ನಾನು ಗೋಡೆಯ ಈಚೆ ದಾರ ಬಿಚ್ಚುತ್ತಿದ್ದೆ. ಹೆಸ್ಟರಳ ದನಿ ಕೇಳಿಸಿತು.

"ಟ್ವೀಡಿಯವರೇ, ನಾನು ಇದನ್ನ ಕೇಳಬಾರದು. ಗೊತ್ತು ನನಗೆ."

"ಹೇಳಿ ಮಿಸೆಸ್ ಕ್ವಿಲ್ಟಿ."

"ಇವತ್ತು ಒದ್ದೆ ಅಂತ ಆಗಿಬಿಟ್ರೆ ನೀವೆಲ್ಲ ನಾಳೆ ಹೊರಟುಬಿಡ್ತೀರ. ಮತ್ತೆ ಬರೋದು ಕ್ರಿಸ್‌ಮಸ್ ಹತ್ರ. ಅಷ್ಟೊತ್ತಿಗೆ ಹುಲ್ಲಿನ ಮುಳ್ಳು ಬಿದ್ದು ಮರಿಗಳ ಉಣ್ಣೆಯೆಲ್ಲ ಹಾಳು. ಚರ್ಮಕ್ಕೂ ಚುಚ್ಚುತ್ತೆ, ಅಷ್ಟು ತೆಳು ಅವುಗಳ ಚರ್ಮ." ಎರಡು ಹೆಜ್ಜೆ ಹಿಂದೆ ಸರಿದ ಸದ್ದಾಯಿತು. "ಹೋಗ್ಲಿ ಬಿಡಿ. ನಾನು ಕೇಳಲಿಲ್ಲ, ನೀವು ಕೇಳಿಸಿಕೊಳ್ಳಲಿಲ್ಲ."

ಅವನ ಮುಖದಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಬರುತ್ತಿತ್ತು.

ಮತ ಹಾಕುವುದು ಹೀಗೆ. ಖಾಲಿ ತಂಬಾಕಿನ ಡಬ್ಬಿ. ಒಬ್ಬೊಬ್ಬನಿಗೂ ಒಂದು ಬೆಂಕಿಕಡ್ಡಿ. ಒದ್ದೆ ಎನ್ನುವವನು ಮುರಿದು ಹಾಕಬೇಕು, ಒಣಗಿದೆ ಎನ್ನುವವನು ಇಡಿಯಾಗಿ ಹಾಕಬೇಕು. ಗೋಡೆಗೆ ಮುಖ ಮಾಡಿ ಹಾಕುವುದರಿಂದ ಯಾರದು ಯಾವುದೆಂದು ತಿಳಿಯುವುದಿಲ್ಲ. ಮತವಿಲ್ಲದವನು ಡಬ್ಬಿ ಹಿಡಿಯಬೇಕು, ಅದು ನಾನು. ಪುಟಾಣಿಯ ಮತವನ್ನು ಮಾತ್ರ ಗುಟ್ಟು ಎನ್ನುವಂತಿರಲಿಲ್ಲ. ಹರೆಯದಲ್ಲಿ ಒದ್ದೆ ಕುರಿಗಳನ್ನು ಕತ್ತರಿಸಿ ಕೀಲುಗಳೆಲ್ಲ ಊದಿ ಆಸ್ಪತ್ರೆಯಲ್ಲಿ ಮಲಗಿದ್ದವನು ಅವನು. ಆಮೇಲೆ ಇಷ್ಟೇ ಇಷ್ಟು ತೇವ ಕಂಡರೂ ಮುರಿಯುವನು. ಆ ದಪ್ಪ ಬೆರಳುಗಳಲ್ಲಿ ಕಡ್ಡಿ ಪಟ್ ಎಂದು ಮುರಿದ ಸದ್ದು ಇಡೀ ಷೆಡ್ಡಿಗೆ ಕೇಳುತ್ತಿತ್ತು.

ಅಂದು ಅವನು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತ. ಸದ್ದೇ ಬರಲಿಲ್ಲ.

ಡಬ್ಬಿ ತೆಗೆದೆ. ಮೂರು ಇಡಿ, ಎರಡು ಮುರುಕು.

"ಒಣಗಿದೆ" ಎಂದೆ.

"ಯಾವ ಪುಣ್ಯಾತ್ಮನಪ್ಪಾ ಅದು?" ಕ್ಲೆಮ್ ಒದರಿದ. "ಈ ಕುರಿ ಒಣಗಿದೆ ಅಂದ್ರೆ ಕೆರೆ ಕಪ್ಪೇನೂ ಒಣಗಿದೆ!" ಆಮೇಲೆ ಪುಟಾಣಿಯ ಕಡೆ ನೋಡಿದ. ಮನೆಯ ಕಡೆ ನೋಡಿದ. ಅರ್ಥವಾಯಿತೇನೋ, ಅಪರೂಪಕ್ಕೆ ಬಾಯಿ ಮುಚ್ಚಿಕೊಂಡ.

ಕತ್ತರಿಯಂತ್ರ ಶುರುವಾಯಿತು. ಪುಟಾಣಿ ಆ ಮರಿಗಳನ್ನು ಕತ್ತರಿಸಿದ್ದನ್ನು ನೋಡಬೇಕಿತ್ತು. ನಿದ್ದೆ ಹೋದ ಕೂಸಿನ ಅಂಗಿ ಬಿಚ್ಚುವಂತೆ. ಒಂದು ಗೀರು ಬೀಳಲಿಲ್ಲ, ಒಂದು ಹನಿ ರಕ್ತವಿಲ್ಲ. ಅವನ ಬನಿಯನ್ನಿನ ಎದೆಯೆಲ್ಲ ತೇವವಾಗಿತ್ತು. ಮೂರು ಗಂಟೆಗೆ ಕೆಲಸ ನಿಲ್ಲಿಸಿ ರೇಡಿಯೋ ಸುತ್ತ ಕುಳಿತೆವು. ಬ್ಯಾಟರಿ ಕೈಕೊಡಲಿಲ್ಲ, ಕಡೆಯ ತಿರುವಿನವರೆಗೂ ಕೂಗಿತು. ಯಾವ ಕುದುರೆ ಗೆದ್ದಿತೋ ನನಗೆ ನೆನಪೇ ಇಲ್ಲ.

ಕೊನೆಯ ಮರಿ ಇಳಿಜಾರು ಹಲಗೆಯಿಂದ ಜಾರಿದಾಗ ಹೆಸ್ಟರ್ ಕೆಳಗೆ ದೊಡ್ಡಿಯಲ್ಲಿ ನಿಂತಿದ್ದಳು.

"ಅಯ್ಯೋ, ಎಷ್ಟು ಪುಟ್ಟವು!" ಪ್ರತಿ ವರ್ಷವೂ ಮೊದಲ ಸಲ ನೋಡಿದವಳಂತೆ ಹೇಳುವಳು.

"ಉಣ್ಣೆ ಇರೋವಾಗ ಕುರಿ, ತೆಗೆದ್ರೆ ಬೆಕ್ಕು" ಎಂದ ಕ್ಲೆಮ್.

ಹಸಿದಿವೆ, ಮೊದಲು ಹುಲ್ಲು ಕಾಣಲಿ ಎಂದು ಅವಳು ಮರಿಗಳನ್ನು ಹಳ್ಳದ ಪಕ್ಕದ ಬಯಲಿಗೆ ಬಿಟ್ಟಳು. ಉಣ್ಣೆ ತೆಗೆದ ಟಗರುಗಳೂ ಅಲ್ಲಿಯೇ ಮೇಯುತ್ತಿದ್ದವು. ಬಿಸಿಲು ಬೆಚ್ಚಗಿತ್ತು. ಬೇಲಿಬಾಗಿಲು ಹಾಕಿ ಬಂದವಳು ಎಲ್ಲರೆದುರಿಗೇ ಹೇಳಿದಳು, "ಟ್ವೀಡಿಯವರೇ, ಸಂಜೆ ಮನೆಗೆ ಊಟಕ್ಕೆ ಬನ್ನಿ. ತೊಡೆ ಮಾಂಸ ಒಲೆಯೊಳಗಿಟ್ಟಿದ್ದೀನಿ."

ಕ್ಲೆಮ್ ಸಿಳ್ಳು ಹಾಕಿದ. "ನಮಗೆ, ಅಮ್ಮಾವ್ರೇ?"

"ನಿನಗೆ ಬನ್ನು ಮಿಕ್ಕಿದೆ."

ಪುಟಾಣಿ ತೊಟ್ಟಿಯ ನೀರಲ್ಲಿ ಮೈ ಉಜ್ಜಿ ಸ್ನಾನ ಮಾಡಿದ. ಒಗೆದ ಷರಟು ತೊಟ್ಟ. ಕನ್ನಡಿ ನನ್ನ ಕೈಗೆ ಕೊಟ್ಟು ಕೂದಲು ಬಾಚಿಕೊಂಡ. "ಹೆಂಗಿದೀನೋ?" ಎಂದ. "ಮೂಟೆಗೆ ಹೊಸ ಚೀಲ ಹೊಲಿದ ಹಾಗಿದೀಯ" ಎಂದೆ. ಅವನ ದೊಡ್ಡ ಕೋಟು ಮೊಳೆಗೆ ತೂಗುತ್ತಿತ್ತು. ವರ್ಷಗಟ್ಟಲೆ ಕುರಿಯ ಜಿಡ್ಡು ಕುಡಿದು ನೀರೇ ಹಿಡಿಯದಂಥ ಕೋಟು. ಅದನ್ನು ತೆಗೆದುಕೊಳ್ಳಲು ಕೈ ಎತ್ತಿದಾಗಲೇ ಷೆಡ್ಡಿನ ತಗಡು ಒಮ್ಮೆ ಗಡಗಡ ಎಂದಿತು.

ಬಾಗಿಲಿಗೆ ಬಂದು ನೋಡಿದೆವು. ದಕ್ಷಿಣದ ಅಂಚಿನಲ್ಲಿ ಮಸಿಯಂಥ ಗೆರೆ. ನಾವು ನೋಡುತ್ತಿದ್ದಂತೆಯೇ ಅದು ದಪ್ಪವಾಯಿತು. ಗಾಳಿಯ ಮೊದಲ ಹೊಡೆತಕ್ಕೆ ಬಿಸಿಲಿನ ಬಿಸಿಯೆಲ್ಲ ಯಾರೋ ಕಂಬಳಿ ಎಳೆದಂತೆ ಹೋಯಿತು. ಹಿಂದೆಯೇ ಮಳೆ ಅಡ್ಡಡ್ಡ ಬಂತು, ನಡುನಡುವೆ ಆಲಿಕಲ್ಲು.

ಯಾರೂ ಯಾರನ್ನೂ ಕರೆಯಲಿಲ್ಲ. ಎಲ್ಲರೂ ಓಡಿದೆವು, ಪುಟಾಣಿ ಕೋಟನ್ನು ಮೈಮೇಲೆ ಎಳೆದುಕೊಳ್ಳುತ್ತಲೇ.

ಚಳಿ ಎಲ್ಲ ಮೈಗಳನ್ನೂ ಒಂದೇ ತೆರನಾಗಿ ಹಿಡಿಯುವುದಿಲ್ಲ. ದೊಡ್ಡ ಕೆಟಲಿನ ಚಹಾ ಕೆಲಸ ಮುಗಿಸಿ ಬಂದರೂ ಬಿಸಿಯಿರುತ್ತದೆ. ಅದೇ ಚಹಾ ಸಣ್ಣ ಲೋಟದಲ್ಲಿ ಸಿಗರೇಟು ಹೊತ್ತಿಸುವಷ್ಟರಲ್ಲಿ ಆರುತ್ತದೆ. ದೊಡ್ಡ ಮೈಯಲ್ಲಿ ಒಳಗು ಹೆಚ್ಚು. ಸಣ್ಣ ಮೈಯಲ್ಲಿ ಒಳಗಿಗಿಂತ ಹೊರಗೇ ಹೆಚ್ಚು, ಬಹುಪಾಲು ಚರ್ಮವೇ. ಇರುವ ಚೂರು ಬಿಸಿ ಅದರೊಳಗಿಂದ ಸುತ್ತಲೂ ಸೋರುತ್ತದೆ. ಅದಕ್ಕೇ ಅಲ್ಲವೇ ಗುಬ್ಬಿ ಬೆಳಗಿನಿಂದ ಸಂಜೆಯವರೆಗೆ ಕೊಕ್ಕು ಬಿಡದೆ ತಿನ್ನುವುದು, ಎತ್ತು ಒಮ್ಮೆ ಮೇದು ಮಲಗುವುದು. ಸಣ್ಣ ಒಲೆಗೆ ಗಳಿಗೆಗೊಮ್ಮೆ ಕಟ್ಟಿಗೆ ಬೇಕು. ಹೆಸ್ಟರಳ ಮರಿಗಳ ಹೊಟ್ಟೆ ಹಿಂದಿನ ಸಂಜೆಯಿಂದ ಖಾಲಿ. ಮೈಮೇಲೆ ಉಣ್ಣೆಯಿಲ್ಲ. ನಾಲ್ಕು ಬಾಯಿ ಹುಲ್ಲು ತಿಂದಿದ್ದವೋ ಇಲ್ಲವೋ.

ಮಳೆಗೆ ಮುಖ ಕೊಟ್ಟು ಕುರಿ ನಡೆಯುವುದಿಲ್ಲ. ಷೆಡ್ಡು ಗಾಳಿ ಬರುವ ಕಡೆಗಿತ್ತು. ನಾಯಿಗಳನ್ನು ಬಿಟ್ಟೆವು, ಕೂಗಿದೆವು, ಟೋಪಿ ಬೀಸಿದೆವು. ಮರಿಗಳು ಬೆನ್ನು ತಿರುಗಿಸಿ ಬೇಲಿಯ ಮೂಲೆಯವರೆಗೆ ಜಾರಿಹೋಗಿ ಅಲ್ಲಿ ಒಂದರ ಮೇಲೊಂದು ಒಟ್ಟಿಕೊಂಡವು. ಟಗರುಗಳು ಮಾತ್ರ ಬಾಲ ಗಾಳಿಗೆ ಕೊಟ್ಟು ತಲೆ ತಗ್ಗಿಸಿ ಕಲ್ಲಿನ ಹಾಗೆ ನಿಂತಿದ್ದವು. ಕೊನೆಗೆ ಹೊತ್ತುಕೊಂಡೇ ಹೋಗಬೇಕಾಯಿತು. ನಾವು ಕಂಕುಳಲ್ಲಿ ಒಂದೊಂದನ್ನು ಅವುಚಿಕೊಂಡರೆ ಪುಟಾಣಿ ಎರಡು ಹೆಗಲಿಗೆರಡು, ಎದೆಗೊಂದು ಹೊತ್ತು ಓಡುತ್ತಿದ್ದ. ಬಂದು ಷೆಡ್ಡಿನಡಿ ಸೇರಿಸಿ, "ಒತ್ತಿ, ಒತ್ತಿ ನಿಲ್ಲಿಸ್ರೋ! ನಡುವೆ ಬೆರಳು ತೂರಬಾರ್ದು" ಎಂದು ಕೂಗಿ ಮತ್ತೆ ಓಡುವನು. ನೂರು ಸಣ್ಣ ಮೈ ಒತ್ತಿಕೊಂಡರೆ ಒಂದು ದೊಡ್ಡ ಮೈಯಾಗುತ್ತದೆ. ನಡುವೆ ಸಿಕ್ಕಿದ್ದು ಬದುಕುತ್ತದೆ.

ಹೆಸ್ಟರ್ ಮೂಲೆಯ ರಾಶಿಯಿಂದ ಮರಿಗಳನ್ನು ಎಳೆಯುತ್ತಿದ್ದಳು. ಗಂಡನ ಕೋಟು ನೀರು ಕುಡಿದು ಅವಳಿಗಿಂತ ಭಾರವಾಗಿತ್ತು. ತುಟಿ ನೀಲಿಗಟ್ಟಿತ್ತು. ಬೆರಳು ಮಡಚಲು ಬರದೆ ಮೊಣಕೈಯಿಂದ ಮರಿಗಳನ್ನು ನೂಕುತ್ತಿದ್ದಳು. ಪುಟಾಣಿ ನೋಡಿದವನೇ ಆ ಒದ್ದೆ ಕೋಟನ್ನು ಕಿತ್ತೆಸೆದು ತನ್ನ ಕೋಟಿನೊಳಗೆ ಅವಳನ್ನು ಸುತ್ತಿದ.

"ನಡೀರಿ ಒಳಗೆ."

"ಮರಿ... ಮರಿ ಮೊದ್ಲು."

"ಮರಿ ನಾನು ತರ್ತೀನಿ. ನೀವೂ ಒಂದು ಮರಿ ಅಷ್ಟೇ ಈಗ. ನಡೀರಿ ಅಂದ್ನಲ್ಲಾ!"

ಅವಳ ಮೇಲೆ ಅವನು ದನಿ ಎತ್ತಿದ್ದು ಅದೊಂದೇ ಸಲ. ಎತ್ತಿಕೊಂಡು ಹೋಗಿ ಅಡುಗೆಮನೆಯ ಒಲೆಯ ಮುಂದೆ ಕೂರಿಸಿ ಬಂದ. ಆಮೇಲೆ ಒಗೆದ ಷರಟಿನಲ್ಲೇ ಕತ್ತಲಾಗುವವರೆಗೂ ಹೊತ್ತ. ನಮ್ಮೆಲ್ಲರ ಹಲ್ಲು ಕಟಕಟ ಎನ್ನುತ್ತಿದ್ದವು; ಅವನ ಮೈಯಿಂದ ಹಬೆ ಏಳುತ್ತಿತ್ತು. ಒಲೆಯೊಳಗಿಟ್ಟಿದ್ದ ಮಾಂಸವನ್ನು ಯಾರೂ ನೆನೆಯಲಿಲ್ಲ.

ಬೆಳಗಾದಾಗ ಗಾಳಿ ನಿಂತಿತ್ತು. ಏನೂ ಆಗದವನಂತೆ ಸೂರ್ಯ ಬಂದ. ಬಯಲಿನಲ್ಲಿ ಟಗರುಗಳು ಮೇಯುತ್ತಿದ್ದವು. ಅವುಗಳ ಕಾಲಬುಡದಲ್ಲಿ, ಹಳ್ಳದ ಉದ್ದಕ್ಕೂ, ಬೇಲಿಯ ಮೂಲೆಯಲ್ಲಿ ಹೆಣ್ಣುಮರಿಗಳು ಬಿದ್ದಿದ್ದವು. ದೂರದಿಂದ ನೋಡಿದರೆ ಯಾರೋ ಬಟ್ಟೆ ಒಗೆದು ಒಣಹಾಕಿದ ಹಾಗೆ. ಅದೇ ಮಳೆ, ಅದೇ ಗಾಳಿ, ಅದೇ ಬಯಲು. ದೊಡ್ಡವು ಉಳಿದವು, ಸಣ್ಣವು ಹೋದವು. ಷೆಡ್ಡಿನಡಿ ನಡುವಿನಲ್ಲಿದ್ದ ಕೆಲವು ಬದುಕಿದ್ದವು, ಆದರೆ ಮಂದೆ ಎನ್ನುವಷ್ಟಿರಲಿಲ್ಲ.

ಹೆಸ್ಟರ್ ಬಂದು ನೋಡಿದಳು. ಅಳಲಿಲ್ಲ. ಪುಟಾಣಿಯ ಕೋಟು ಅವಳ ಪಾದದವರೆಗೆ ಇಳಿದಿತ್ತು. ಒಂದು ಮರಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅದರ ಬೆನ್ನಿನ ಮೇಲೆ ಕೈಯಾಡಿಸಿದಳು. "ಒಂದು ಗೀರೂ ಇಲ್ಲ. ಎಷ್ಟು ನೀಟಾಗಿ ತೆಗೆದಿದಾರೆ ನೋಡು ವಿಲ್ಫ್" ಎಂದಳು. ಅವಳು ಹೊಗಳಿದ್ದೋ ದುಃಖಿಸಿದ್ದೋ ನನಗೆ ತಿಳಿಯಲಿಲ್ಲ. ಹತ್ತು ಮಾರು ದೂರದಲ್ಲಿ ಗುಂಡಿ ತೋಡುತ್ತಿದ್ದ ಪುಟಾಣಿಗೆ ಅದು ಕೇಳಿಸಿತು. ಅವನ ಗುದ್ದಲಿ ನಿಂತಿತು. ಅವನು ತಲೆ ಎತ್ತಲಿಲ್ಲ.

ಮಧ್ಯಾಹ್ನ ಲಾರಿ ಹೊರಟಿತು. ಕ್ಲೆಮ್ ಟೋಪಿ ಕೈಯಲ್ಲಿ ಹಿಡಿದು ಮನೆಯ ಬಾಗಿಲಿಗೆ ಹೋಗಿ, "ಅಮ್ಮಾವ್ರೇ, ರೇಡಿಯೋ ಹಾಕೋಕೆ ಬಿಡಬೇಕಿತ್ತು ನಾನು" ಎಂದು ಹೇಳಿ ಬಂದ. ಬಾಯಾಳಿಗೆ ಅಷ್ಟಾದರೂ ಬಾಯಿ ಬಂತು. ಪುಟಾಣಿ ಮೊದಲೇ ಲಾರಿ ಹತ್ತಿ ಮೂಟೆಗಳ ಹಿಂದೆ ಕುಳಿತಿದ್ದ.

"ಹೋಗಿ ಹೇಳಿ ಬಾರೋ" ಎಂದೆ.

"ಏನಂತ?"

"ಹೋಗಿ ಬರ್ತೀನಿ ಅಂತ. ಕೋಟಾದ್ರೂ ಇಸ್ಕೊಂಡ್ ಬಾ."

"ಕಡ್ಡಿ ಮುರಿದಿದ್ರೆ ಸಾಕಾಗಿತ್ತು ವಿಲ್ಫ್." ತನ್ನ ಬೆರಳುಗಳನ್ನು ನೋಡಿಕೊಂಡ. "ಒದ್ದೆ ಇತ್ತು. ಕೈಗೆ ಗೊತ್ತಾಗಿತ್ತು ನನಗೆ. ಕಡೇಪಕ್ಷ ಉಣ್ಣೆ ಮೈಮೇಲಿರ್ತಿತ್ತು."

ಲಾರಿ ತಿರುವಿನಲ್ಲಿ ಹೊರಳುವಾಗ ನಾನು ಹಿಂದಿರುಗಿ ನೋಡಿದೆ. ಅವಳು ಜಗುಲಿಗೆ ಬಂದು ನಿಂತಿದ್ದಳು.

ಮರುವರ್ಷ ಪುಟಾಣಿ ನಮ್ಮ ತಂಡಕ್ಕೆ ಬರಲಿಲ್ಲ. ಉತ್ತರದ ಬಿಸಿಲು ಸೀಮೆಯಲ್ಲಿ ಷೆಡ್ಡು ಹಿಡಿದಿದ್ದಾನೆ ಎಂದರು. ಹೆಸ್ಟರ್ ಯಾರದೋ ಮಾತು ಕೇಳಿ ದೊಡ್ಡ ಮೈಯ ಒರಟು ಕುರಿ ತಂದಳು. ಅವು ಚಳಿಗೆ ಜಗ್ಗಲಿಲ್ಲ, ಅವಳಿಗೆ ಹಿಡಿಸಲೂ ಇಲ್ಲ. ಕೆಲ ವರ್ಷಕ್ಕೆ ಎಲ್ಲವನ್ನೂ ಮಾರಿ ಕೂಮಾ ಪೇಟೆಯಲ್ಲಿ ಸಣ್ಣ ಮನೆ ಮಾಡಿದಳು.

ನಾನೂ ಮೂಟೆ ಒತ್ತುವುದನ್ನು ಬಿಟ್ಟು ಮುದುಕನಾದ ಮೇಲೆ ಒಮ್ಮೆ ಆ ಬೀದಿಯಲ್ಲಿ ಸಿಕ್ಕಳು. ಮನೆಗೆ ಕರೆದು ಚಹಾ ಕೊಟ್ಟಳು. ತನಗೆ ಚಿಕ್ಕ ಬಟ್ಟಲಲ್ಲಿ, ನನಗೆ ದೊಡ್ಡ ಲೋಟದಲ್ಲಿ.

"ಟ್ವೀಡಿಯವರು ಎಲ್ಲಿದಾರೆ?"

"ಕ್ವೀನ್ಬಿಯನ್ನಿಗೆ ಬಂದಿದಾನೆ ಅಂತ ಕೇಳ್ದೆ. ಆರೋಗ್ಯ ಸರಿಯಿಲ್ಲವಂತೆ."

ಅವಳು ಎದ್ದು ಒಳಗಿನಿಂದ ಪುಟಾಣಿಯ ಆ ಕೋಟು ತಂದಳು. ಹುಳ ಹಿಡಿಯದಂತೆ ಕರ್ಪೂರ ಇಟ್ಟು ಮಡಿಸಿದ್ದಳು.

"ಆ ಕಡ್ಡಿ ಅವರದೇ ಅಂತ ನನಗೆ ಅವತ್ತೇ ಗೊತ್ತಿತ್ತು ವಿಲ್ಫ್. ಆ ಮನುಷ್ಯ ಹುಟ್ಟಿದಾಗಿಂದ ಒದ್ದೆ ಅಂತ್ಲೇ ಹಾಕ್ತಿದ್ದಿದ್ದು, ಊರಿಗೇ ಗೊತ್ತು."

"ಅದಕ್ಕೇ ಅವನು ಮುಖ ತೋರಿಸಲಿಲ್ಲ. ನೀವು ಕ್ಷಮಿಸಲ್ಲ ಅಂದ್ಕೊಂಡ."

"ಕ್ಷಮಿಸೋದು ಏನಿತ್ತು? ಬೇಡಿದ್ದು ನಾನು. ಹುಲ್ಲಿಗೆ ಅಂತ ಬಯಲಿಗೆ ಬಿಟ್ಟಿದ್ದು ನಾನು. ಎಳೆ ನಯ ಆಗ್ಲಿ ಅಂತ ಆ ಜೀವಗಳನ್ನ ಅಷ್ಟು ಚಿಕ್ಕದು ಮಾಡಿದ್ದೂ ನಾನೇ." ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವತ್ತು ಜಗುಲಿಗೆ ಬಂದು ನಿಂತೆ. ಇಳಿದು ಬರ್ತಾರೆ ಅಂದ್ಕೊಂಡೆ. ಕೋಟಿಗಾದ್ರೂ ಬರ್ತಾರೆ ಅಂತ ಮುಂದಿನ ಚಳಿಗಾಲ ಎಲ್ಲ ಕಾದೆ. ಬಂದಿದ್ರೆ ಚೆನ್ನಾಗಿ ಬೈತಿದ್ದೆ. ಬೈದು, ಊಟಕ್ಕಿಡ್ತಿದ್ದೆ."

ಬಟ್ಟಲಿನ ಚಹಾವನ್ನು ತುಟಿಗೆ ತಂದು, ಆರಿಹೋಗಿತ್ತೇನೋ, ಹಾಗೆಯೇ ಕೆಳಗಿಟ್ಟಳು.

ಕೋಟು ತೆಗೆದುಕೊಂಡು ಕ್ವೀನ್ಬಿಯನ್ನಿಗೆ ಹೋದೆ. ಬಾಡಿಗೆ ಕೋಣೆಗಳ ಮನೆಯ ಹಿತ್ತಲಲ್ಲಿ ಬೆಂಚಿನ ಮೇಲೆ ಯಾರೋ ಮುದುಕ ಬಿಸಿಲು ಕಾಯುತ್ತಿದ್ದ. ಅವನನ್ನು ದಾಟಿ ಹೋಗಿದ್ದೆ.

"ಏನೋ ವಿಲ್ಫ್, ದೊಡ್ಡ ಮನುಷ್ಯ ಆಗ್ಬಿಟ್ಯಾ?"

ತಿರುಗಿ ನೋಡಿದೆ. ದನಿಯೊಂದೇ ಹಳೆಯದು. ಕಾಯಿಲೆ ಅವನ ಮೈಯನ್ನು ಕರಗಿಸಿ ಕುಡಿದುಬಿಟ್ಟಿತ್ತು. ಕೊರಳು ಕಡ್ಡಿಯಾಗಿತ್ತು. ಎರಡು ಸ್ವೆಟರಿನ ಒಳಗೆ ಭುಜದ ಮೂಳೆ ಎದ್ದು ಕಾಣುತ್ತಿತ್ತು.

"ಕಡೆಗೂ ಹೆಸರಿಗೆ ತಕ್ಕ ಹಾಗಾದೆ ನೋಡು" ಎಂದು ನಕ್ಕ. "ಯಾವಾಗ್ಲೂ ಚಳಿ ಕಣೋ. ಇಂಥ ಬಿಸಿಲಲ್ಲೂ. ಒಳಗೆ ಏನೂ ನಿಲ್ಲಲ್ಲ."

ಕೋಟನ್ನು ಅವನ ತೊಡೆಯ ಮೇಲಿಟ್ಟೆ. ನೋಡಿದ. ಜೇಬಿನೊಳಗೆ ಕೈ ಹಾಕಿ ಬರಿಗೈ ತೆಗೆದ. ಕೋಟನ್ನು ಮೂಗಿಗೆ ತಂದುಕೊಂಡ. ಹೆಸ್ಟರ್ ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದೆ. ಜಗುಲಿಗೆ ಬಂದು ನಿಂತದ್ದು, ಕಾದದ್ದು, ಬೈದು ಊಟಕ್ಕಿಡುತ್ತಿದ್ದೆ ಎಂದದ್ದು.

ಕೋಟಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದ.

"ಬೈತಿದ್ದೆ ಅಂದ್ರಾ?"

"ಹೂಂ. ಚೆನ್ನಾಗಿ ಬೈತಿದ್ದೆ ಅಂದ್ರು. ಬಾರೋ, ಬಸ್ಸಿದೆ. ಸಂಜೆಗೆ ಕೂಮಾ ಸೇರ್ತೀವಿ."

"ಈ ಮೈ ಹೊತ್ಕೊಂಡಾ?" ಸ್ವೆಟರಿನ ತೋಳು ಎತ್ತಿ ತೋರಿಸಿದ. "ನೋಡಿದ್ರೆ, ಯಾರಪ್ಪಾ ಇದನ್ನ ಕತ್ತರಿಸಿದ್ದು ಅಂತಾರೆ. ಬೇಡ ವಿಲ್ಫ್. ಬೈಸಿಕೊಳ್ಳೋಕೂ ಒಂದು ಮೈ ಬೇಕು."

ಮತ್ತೆ ಮತ್ತೆ ಕರೆದೆ. ಅವನು ತಲೆಯಾಡಿಸಿದ. ಕೊನೆಗೆ ಕೋಟು ತೊಡಿಸೆಂದ. ತೊಡಿಸಿದೆ. ಅದರೊಳಗೆ ಇನ್ನೊಬ್ಬ ಕೂರುವಷ್ಟು ಜಾಗವಿತ್ತು. ಗುಂಡಿ ಹಾಕಲು ಮಾತ್ರ ನನ್ನನ್ನು ಬಿಡಲಿಲ್ಲ.

ಗೇಟಿನ ಬಳಿ ನಿಂತು ಹಿಂದಿರುಗಿ ನೋಡಿದೆ. ಬೇಸಿಗೆಯ ನಡು ಮಧ್ಯಾಹ್ನ. ನನ್ನ ಷರಟು ಬೆವರಿಗೆ ಬೆನ್ನಿಗೆ ಅಂಟಿತ್ತು. ಅವನು ಬೆಂಚಿನ ಮೇಲೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಹೋಗಿ, ಕಾಲರನ್ನು ಕಿವಿಯವರೆಗೆ ಎಳೆದುಕೊಂಡು, ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡು ಕುಳಿತ.